ಮೊದಲು ತೂಕ ನೋಡಿಕೊಳ್ಳಿ, ಆಮೇಲೆ ದೋಣಿ ಹುಡುಕಿ

ಸೇಲಿಂಗ್ ಕೋರ್ಸ್ ಮುಗಿಸಿ ಬಂದವರಿಗೆ ಸ್ವಲ್ಪ ದಿನದಲ್ಲೇ ಒಂದು ಹುಚ್ಚು ಹಿಡಿಯುತ್ತದೆ. ನನಗೇ ಅಂತ ಒಂದು ದೋಣಿ ಬೇಕು. ನಾಲ್ಕು ಜನ ಕೂರುವಂಥದ್ದಲ್ಲ. ನಾನೇ ನೀರಿಗಿಳಿಸಿ, ನಾನೇ ನಡೆಸಿ, ನಾನೇ ದಡಕ್ಕೆ ಎಳೆದು ತರುವಂಥದ್ದು. ಗಾಳಿ ಚೆನ್ನಾಗಿದೆ ಅನ್ನಿಸಿದರೆ ಹೊರಟುಬಿಡಬಹುದು. ಜೊತೆಗಾರರಿಗೆ ಫೋನ್ ಮಾಡಿ ಬರ್ತೀರಾ ಅಂತ ಕೇಳುವ ರಗಳೆಯಿಲ್ಲ.

ಆಸೆ ತಪ್ಪೇನಲ್ಲ. ಒಬ್ಬರೇ ಹೋದರೆ ಬೇಗ ಕಲಿಯುತ್ತೇವೆ ಅಂತಲೇ ನಾನು ನಂಬಿದ್ದೇನೆ. ಇಬ್ಬರಿದ್ದಾಗ ದೋಣಿ ನಿಂತುಹೋದರೆ ಮುಂದೆ ಕೂತವರ ಮುಖ ನೋಡಬಹುದು. ಒಬ್ಬರೇ ಇದ್ದಾಗ ನೋಡೋಕೆ ಯಾರ ಮುಖವೂ ಇಲ್ಲ. ಚುಕ್ಕಾಣಿ ತಿರುಗಿಸುವ ಹಿಡಿಕೆ, ಅಂದರೆ ಟಿಲ್ಲರ್, ಒಂದು ಬೆರಳಿನಷ್ಟು ಅಲುಗಿದರೂ ದೋಣಿ ತಕ್ಷಣ ಉತ್ತರ ಕೊಡುತ್ತದೆ. ಅಲುಗಿಸಿದ್ದು ಯಾರು ಅನ್ನುವ ಅನುಮಾನವೂ ಇರುವುದಿಲ್ಲ.

ಆದರೆ ಯಾವ ದೋಣಿ ಅಂತ ಹುಡುಕಲು ಕೂತರೆ ತಲೆ ಕೆಡುತ್ತದೆ. ಉದ್ದ ಎಷ್ಟು, ಹಾಯಿ ಎಷ್ಟು ದೊಡ್ಡದು, ಎಷ್ಟು ವೇಗ ಹೋಗುತ್ತದೆ, ಯಾವ ವರ್ಷದ್ದು, ಒಲಿಂಪಿಕ್ಸ್‌ನಲ್ಲಿ ಇದೆಯಾ ಇಲ್ಲವಾ. ಎಲ್ಲವೂ ದೋಣಿಯ ಜಾತಕ. ಅದರಲ್ಲಿ ಕೂರುವವರ ಜಾತಕ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಎರಡೇ ಪ್ರಶ್ನೆಗಳು ಮುಖ್ಯ. ನಿಮ್ಮ ತೂಕ ಎಷ್ಟು? ದೋಣಿ ಮಗುಚಿ ನೀರಿಗೆ ಬಿದ್ದರೆ ಅದಕ್ಕೆ ವಾಪಸ್ ಹತ್ತೋಕೆ ನಿಮ್ಮಿಂದ ಆಗುತ್ತದಾ? ಇವೆರಡಕ್ಕೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿರುವ ಅರ್ಧ ದೋಣಿಗಳು ತಾವಾಗಿಯೇ ಉದುರಿಹೋಗುತ್ತವೆ.

ತೂಕದ ಮಾತು ಮೊದಲು. ದೊಡ್ಡ ಹಾಯಿದೋಣಿಗಳ ತಳದಲ್ಲಿ ಸೀಸದ್ದೋ ಕಬ್ಬಿಣದ್ದೋ ಭಾರವಾದ ಕೀಲ್ ಇರುತ್ತದೆ. ಗಾಳಿ ದೋಣಿಯನ್ನು ಎಷ್ಟೇ ವಾಲಿಸಿದರೂ ಆ ಭಾರ ಮತ್ತೆ ನೆಟ್ಟಗೆ ಎಳೆಯುತ್ತದೆ. ನಾವು ಹುಡುಕುತ್ತಿರುವಂಥ ಪುಟ್ಟ ಹಾಯಿದೋಣಿಗೆ, ಅಂದರೆ ಡಿಂಗಿಗೆ, ಆ ಭಾಗ್ಯವಿಲ್ಲ. ಅದರ ಹೊಟ್ಟೆಯಿಂದ ಕೆಳಗೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಒಂದು ತೆಳು ಹಲಗೆ, ಅಷ್ಟೇ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ. ಮಗುಚದಂತೆ ಹಿಡಿಯುವ ಭಾರ ನೀವೇ. ಪಾದಗಳನ್ನು ಟೋ ಸ್ಟ್ರಾಪ್ ಅನ್ನುವ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡು, ದೋಣಿಯ ಅಂಚಿನ ಮೇಲೆ ಕೂತು, ಬೆನ್ನನ್ನು ಹೊರಗೆ ನೀರಿನ ಮೇಲಕ್ಕೆ ಚಾಚಬೇಕು. ಇದಕ್ಕೆ ಹೈಕಿಂಗ್ ಅನ್ನುತ್ತಾರೆ. ಬೆಟ್ಟ ಹತ್ತುವ ಹೈಕಿಂಗ್‌ಗಿಂತ ಇದರಲ್ಲಿ ತೊಡೆ ಉರಿಯುವುದು ಬೇಗ. ಡೆನ್ಮಾರ್ಕ್‌ನ ಪೌಲ್ ಎಲ್ವ್‌ಸ್ಟ್ರೋಮ್ 1948 ರಿಂದ 1960 ರವರೆಗೆ ಸತತ 4 ಒಲಿಂಪಿಕ್ಸ್‌ಗಳಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ಚಿನ್ನ ಗೆದ್ದವರು. ಅವರು ಮನೆಯಲ್ಲಿ ಬೆಂಚಿನ ಮೇಲೆ ಕೂತು ಇದನ್ನೇ ಅಭ್ಯಾಸ ಮಾಡುತ್ತಿದ್ದರು. ಅಂದರೆ ಗೆಲ್ಲುವವರಿಗೂ ಇದು ಸುಮ್ನೆ ಬರುವಂಥದ್ದಲ್ಲ.

ಗಾಳಿಯ ಲೆಕ್ಕವೂ ಸ್ವಲ್ಪ ಮೋಸದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ನಾಟ್ ಇದ್ದ ಗಾಳಿ 14 ನಾಟ್ ಆದರೆ ಸಾಕು, ಒತ್ತಡ ಹೆಚ್ಚೂಕಡಿಮೆ ಎರಡರಷ್ಟು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ಹಾಗಾಗಿ 10ಕ್ಕೂ 14ಕ್ಕೂ ಇರುವ ವ್ಯತ್ಯಾಸ ಗಂಟೆಗೆ 7 ಕಿ.ಮೀ. ಚಿಲ್ಲರೆ. ದಡದಲ್ಲಿ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಕೂದಲು ಸ್ವಲ್ಪ ಜಾಸ್ತಿ ಹಾರಬಹುದು. ದೋಣಿಯಲ್ಲಿ ಕೂತವರಿಗೆ ಅದು ಬೇರೆಯೇ ದಿನ. ನಿಮ್ಮ ತೂಕ ಮಾತ್ರ ಅಷ್ಟೇ ಇರುತ್ತದೆ. ಉಳಿದಿರುವ ದಾರಿ ಎರಡು. ಹಾಯಿ ಹಿಡಿದಿರುವ ಹಗ್ಗ ಸಡಿಲಿಸಿ ಗಾಳಿಯನ್ನು ಹೊರಗೆ ಬಿಡಬೇಕು, ಇಲ್ಲವೇ ಮೊದಲೇ ಚಿಕ್ಕ ಹಾಯಿ ಕಟ್ಟಿಕೊಂಡು ಬಂದಿರಬೇಕು.

ಹಾಗಾಗಿ ದೋಣಿಯ ಹೆಸರಿಗಿಂತ ಹಾಯಿಯ ಅಳತೆ ಮುಖ್ಯ ಅನ್ನುತ್ತೇನೆ. ಕೊಳ್ಳುವವರು ಮಾತ್ರ ಇದನ್ನು ಕೊನೆಯಲ್ಲಿ ಯೋಚಿಸುತ್ತಾರೆ.

ಲೇಸರ್ ಅನ್ನುವ ದೋಣಿಯ ವಿಷಯ ಬಿಟ್ಟು ಈ ಮಾತು ಮುಂದೆ ಹೋಗುವುದಿಲ್ಲ. ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ಅದೇ. ಅದರ ಹುಟ್ಟಿನ ಕತೆ ನನಗೆ ತುಂಬಾ ಇಷ್ಟ. 1969ರಲ್ಲಿ ಕೆನಡಾದ ಇಯಾನ್ ಬ್ರೂಸ್ ಅವರಿಗೆ ಕ್ಯಾಂಪಿಂಗ್ ಸಾಮಾನುಗಳನ್ನು ವಿನ್ಯಾಸ ಮಾಡುವ ಕೆಲಸ ಬಂತು. ಅದರ ಜೊತೆಗೆ ಕಾರಿನ ಮೇಲೆ ಹೇರಿಕೊಂಡು ಹೋಗುವಂಥ ಒಂದು ಪುಟ್ಟ ದೋಣಿಯೂ ಇರಲಿ ಅಂತ ಮಾತಾಯಿತು. ಅವರು ದೋಣಿ ವಿನ್ಯಾಸಕ ಬ್ರೂಸ್ ಕರ್ಬಿಗೆ ಫೋನ್ ಮಾಡಿದರು. ಕರ್ಬಿ ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಮೇಲೆ ಗೀಚಿದ ಚಿತ್ರವೇ ಮುಂದೆ ಲೇಸರ್ ಆಯಿತು. 1971ರಲ್ಲಿ ನ್ಯೂಯಾರ್ಕ್ ಬೋಟ್ ಶೋನಲ್ಲಿ ಅದನ್ನು ಜನರ ಮುಂದಿಟ್ಟರು. ಇವತ್ತಿಗೆ 2 ಲಕ್ಷಕ್ಕೂ ಹೆಚ್ಚು ಲೇಸರ್‌ಗಳು ತಯಾರಾಗಿವೆ. ವಾರದ ಕೊನೆಯಲ್ಲಿ ದಡದ ಹತ್ತಿರ ಆಡಲಿ ಅಂತ ಗೀಚಿದ ದೋಣಿ 1996ರಲ್ಲಿ ಒಲಿಂಪಿಕ್ಸ್ ಸೇರಿತು. 2008 ರಿಂದ ಅದರ ಚಿಕ್ಕ ಹಾಯಿಯ ರೂಪ ಮಹಿಳೆಯರ ಸ್ಪರ್ಧೆಯಲ್ಲೂ ಇದೆ.

ಹೊಸಬರಿಗೆ ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದು ಏನಂದರೆ ಒಡಲು ಒಂದೇ, ಹಾಯಿ ಮೂರು. ದೊಡ್ಡದು 7.06 ಚದರ ಮೀಟರ್. ನಡುವಿನದು 5.76, ಅದನ್ನು ರೇಡಿಯಲ್ ಅನ್ನುತ್ತಿದ್ದರು. ಚಿಕ್ಕದು 4.7. ಹಾಯಿಯ ಜೊತೆ ಹಾಯಿಕಂಬದ ಕೆಳಗಿನ ತುಂಡನ್ನು ಬದಲಾಯಿಸಿದರೆ ಆಯಿತು, ಒಡಲು ಹಾಗೇ ಇರುತ್ತದೆ. 2019ರಲ್ಲಿ ಹೆಸರಿನ ಜಗಳದ ನಂತರ ಸ್ಪರ್ಧೆಯ ದೋಣಿಗೆ ಐಎಲ್‌ಸಿಎ ಅಂತ ಹೆಸರಾಯಿತು. ಮೂರು ಹಾಯಿಗಳು ಐಎಲ್‌ಸಿಎ 7, 6, 4 ಆದವು. ಮಾರಾಟದ ಜಾಹೀರಾತುಗಳಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಕಲಸಿಕೊಂಡಿರುತ್ತವೆ. ಎರಡು ಬೇರೆ ದೋಣಿ ಅಂದುಕೊಂಡು ಗಾಬರಿಯಾಗಬೇಡಿ.

ದೊಡ್ಡ ಹಾಯಿಯಲ್ಲಿ ರೇಸ್ ಮಾಡುವ ಗಂಡಸರು ಹೆಚ್ಚಾಗಿ 80 ಕಿಲೋ ಆಸುಪಾಸಿನವರು. ಬರೀ ತೂಕ ಅಲ್ಲ, ಆ 80 ಕಿಲೋವನ್ನು ಗಂಟೆಗಟ್ಟಲೆ ದೋಣಿಯ ಹೊರಗೆ ಚಾಚಿ ಹಿಡಿಯುವ ತೊಡೆ, ಹೊಟ್ಟೆಯ ಸ್ನಾಯು ಅವರಿಗಿದೆ. ನಿಮ್ಮ ತೂಕ 80 ಇದ್ದರೂ ಆ ಸ್ನಾಯು ಇಲ್ಲದಿದ್ದರೆ, ಗಾಳಿಯ ಲೆಕ್ಕದಲ್ಲಿ ನೀವು ಅಷ್ಟು ತೂಗುವುದಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ಅಹಂಕಾರ ಬಿಡುವುದಿಲ್ಲ, ಅಲ್ವಾ? ಗಂಡಸರಿಗಂತೂ ರೇಡಿಯಲ್ ಹಾಯಿ ಅಂದರೆ ಏನೋ ಕಡಿಮೆ ಅನ್ನಿಸಿಬಿಡುತ್ತದೆ. 75 ಕಿಲೋ ಒಳಗಿನ ಹೊಸಬರು ಯಾರೇ ಕೇಳಿದರೂ ನಾನು ಕಣ್ಣುಮುಚ್ಚಿ ರೇಡಿಯಲ್ ಅನ್ನುತ್ತೇನೆ. 55 ಕಿಲೋಗಿಂತ ಕಡಿಮೆ ಇದ್ದರೆ 4.7. ದೊಡ್ಡ ಹಾಯಿಗೂ ಚಿಕ್ಕ ಹಾಯಿಗೂ ಇರುವ ವ್ಯತ್ಯಾಸ ಮೂರನೇ ಒಂದು ಭಾಗ. ಗಾಳಿ ಏರಿದ ದಿನ ಅಷ್ಟು ಬಟ್ಟೆ ಕಡಿಮೆ ಇದ್ದರೆ ದೋಣಿ ನಿಮ್ಮ ಮಾತು ಕೇಳುತ್ತದೆ.

ಇನ್ನು ಕೆಟ್ಟದ್ದು. ಲೇಸರ್ ಮೂಲತಃ ಹೊಸಬರ ಮೇಲೆ ಕರುಣೆ ಇರುವ ದೋಣಿಯಲ್ಲ. ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ತುಂಬಾ ತಗ್ಗಿನಲ್ಲಿದೆ. ತಿರುಗುವಾಗ ತಲೆ ತಗ್ಗಿಸಿದರೆ ಸಾಲದು, ಮಡಚಿಕೊಳ್ಳಬೇಕು. ಕಾಲಿಟ್ಟುಕೊಳ್ಳುವ ತಗ್ಗು ಜಾಗ, ಅಂದರೆ ಕಾಕ್‌ಪಿಟ್, ಕಿರಿದು. ಉದ್ದ ಕಾಲಿನವರು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದೇ ಒಂದು ಸರ್ಕಸ್. ಗಾಳಿ ಬೆನ್ನಿಗಿರುವಾಗ ಜೈಬ್ ಮಾಡಿದರೆ, ಅಂದರೆ ಹಾಯಿ ಆ ಬದಿಯಿಂದ ಈ ಬದಿಗೆ ದಾಟುವಂತೆ ತಿರುಗಿದರೆ, ಹಾಯಿಯನ್ನು ಎಳೆಯುವ ಮೇನ್‌ಶೀಟ್ ಹಗ್ಗದ ಸಡಿಲ ಭಾಗ ದೋಣಿಯ ಹಿಂಬದಿಯ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಲೇಸರ್ ನಡೆಸಿದವರೆಲ್ಲ ಇದನ್ನು ಬಲ್ಲರು. ಬೂಮ್ ನಡುವೆ ಬರುವ ಕ್ಷಣಕ್ಕೆ ಸರಿಯಾಗಿ ಹಗ್ಗವನ್ನು ಒಮ್ಮೆ ಚುರುಕಾಗಿ ಎಳೆದರೆ ಅದು ಮೇಲೆ ಹಾರಿ ದಾಟುತ್ತದೆ. ಕೈಗೆ ಈ ಅಭ್ಯಾಸ ಬರುವವರೆಗೆ ಮೂಲೆ ನಿಮ್ಮನ್ನು ಬಿಡುವುದಿಲ್ಲ.

ಅದಕ್ಕಿಂತ ಹೆದರಿಸುವುದು ಡೆತ್ ರೋಲ್. ಹೆಸರು ಭಯಂಕರ, ಆಗುವುದು ಇಷ್ಟೇ. ಗಾಳಿ ಹಿಂದಿನಿಂದ ಬರುತ್ತಿರುತ್ತದೆ. ಹಾಯಿಯನ್ನು ಪೂರ್ತಿ ಹೊರಗೆ ಬಿಟ್ಟಿರುತ್ತೀರಿ. ಬೂಮನ್ನು ಕೆಳಗೆ ಹಿಡಿಯುವ ಕಿಕ್ಕರ್ ಹಗ್ಗ ಸಡಿಲವಾಗಿದ್ದರೆ ಹಾಯಿಯ ಮೇಲ್ಭಾಗ ತಿರುಚಿಕೊಂಡು ಮುಂದಕ್ಕೆ ಹೋಗುತ್ತದೆ. ಆಗ ಅದು ದೋಣಿಯನ್ನು ನೀವು ಕೂತ ಕಡೆಗೇ ತಳ್ಳುತ್ತದೆ. ದೋಣಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿ, ಮೂರನೇ ಸಲಕ್ಕೆ ನಿಮ್ಮ ಮೇಲೆಯೇ ಮಗುಚುತ್ತದೆ. ವಾಲಾಟ ಶುರುವಾದ ತಕ್ಷಣ ಮೇನ್‌ಶೀಟ್ ಹಗ್ಗವನ್ನು ಒಂದೆರಡು ಮೊಳ ಒಳಗೆ ಎಳೆದುಕೊಂಡರೆ ಹೆಚ್ಚಿನ ಸಲ ನಿಲ್ಲುತ್ತದೆ. ಗಾಬರಿಯಲ್ಲಿ ಕೈ ಮಾಡುವುದು ಮಾತ್ರ ಉಲ್ಟಾ, ಹಗ್ಗ ಬಿಟ್ಟುಬಿಡುತ್ತದೆ. ಗಾಳಿ ಎದುರಿಗಿರುವಾಗ ಹಗ್ಗ ಬಿಡುವುದೇ ಮದ್ದು ಅಂತ ಕಲಿಸಿರುತ್ತಾರಲ್ಲ, ಅದಕ್ಕೆ.

ಇಷ್ಟೆಲ್ಲ ಇದ್ದರೂ ಲೇಸರ್ ಒಂದು ವಿಷಯದಲ್ಲಿ ತುಂಬಾ ಒಳ್ಳೆಯದು. ಮಗುಚಿದರೆ ಎತ್ತುವುದು ಸುಲಭ.

ಮಗುಚುವುದು ಅಪಘಾತವಲ್ಲ, ಡಿಂಗಿ ಆಟದ ಒಂದು ಭಾಗ. ದೋಣಿ ಪಕ್ಕಕ್ಕೆ ಮಲಗಿರುತ್ತದೆ, ಹಾಯಿ ನೀರಿನ ಮೇಲೆ ಹರಡಿಕೊಂಡಿರುತ್ತದೆ. ಮೊದಲ ಕೆಲಸ, ಮೇನ್‌ಶೀಟ್ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ನೋಡುವುದು. ದೋಣಿಯ ಹಿಡಿತ ಬಿಡಬಾರದು. ಗಾಳಿಗೆ ಅದು ತೇಲಿಕೊಂಡು ಹೋಗುವಷ್ಟು ಬೇಗ ಲೈಫ್ ಜಾಕೆಟ್ ಹಾಕಿಕೊಂಡು ಈಜೋಕೆ ಆಗುವುದಿಲ್ಲ. ಸುತ್ತಿಕೊಂಡು ತಳದ ಕಡೆ ಬಂದರೆ ಡ್ಯಾಗರ್‌ಬೋರ್ಡ್ ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ಮೊದಲು ಅದರ ಮೇಲೆ ಕೈ ಹಾಕಿ ತೂಗಿ. ಹಗುರವಾದವರು ಅದರ ಮೇಲೆ ಹತ್ತಿ ನಿಲ್ಲಬೇಕಾಗುತ್ತದೆ. ನಿಂತರೆ ಒಡಲಿನ ಪಕ್ಕದಲ್ಲೇ ನಿಲ್ಲಿ, ತುದಿಯಲ್ಲಿ ನಿಂತರೆ ಹಲಗೆ ಮುರಿಯಬಹುದು. ದೋಣಿಯ ಅಂಚನ್ನು ಹಿಡಿದು ಹಿಂದಕ್ಕೆ ವಾಲಿದರೆ ಮೊದಲು ಏನೂ ಆಗುವುದಿಲ್ಲ. ಹಾಯಿಯ ಮೇಲೆ ನೀರು ತುಂಬಿರುತ್ತದೆ, ಅದು ಇಳಿಯಬೇಕು. ಆಗ ಸುಮ್ನೆ ವಾಲಿಕೊಂಡೇ ಇರಿ. ಸ್ವಲ್ಪ ಹೊತ್ತಿಗೆ ಹಾಯಿಕಂಬ ನೀರಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ, ಆಮೇಲೆ ಒಮ್ಮೆಲೇ ಧಡಕ್ ಅಂತ ನೆಟ್ಟಗಾಗುತ್ತದೆ. ಅಷ್ಟರಲ್ಲಿ ಅಂಚು ಹಿಡಿದು ಒಳಗೆ ಹೊರಳಿಕೊಳ್ಳಬೇಕು. ದೋಣಿಯ ಮೂತಿ ಗಾಳಿಯ ಕಡೆಗಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಎದ್ದ ಹಾಯಿಗೆ ಗಾಳಿ ತುಂಬಿಕೊಂಡು ಇನ್ನೊಂದು ಕಡೆಗೆ ಬೀಳುತ್ತದೆ, ಮತ್ತೆ ಮೊದಲಿಂದ.

ದೋಣಿ ಪೂರ್ತಿ ತಲೆಕೆಳಗಾದರೆ ಕಷ್ಟ ಇನ್ನೂ ಜಾಸ್ತಿ. ಆಳ ಕಡಿಮೆ ಇರುವ ಕಡೆ ಹಾಯಿಕಂಬದ ತುದಿ ಕೆಸರಿಗೆ ಚುಚ್ಚಿಕೊಳ್ಳುತ್ತದೆ. ಆಗ ಜೋರಾಗಿ ಎಳೆದಾಡಿದರೆ ಕಂಬ ಬಾಗುತ್ತದೆ.

ಲೇಸರ್ ಅಂಚು ನೀರಿಗೆ ಹತ್ತಿರ, ಕಾಕ್‌ಪಿಟ್ ಚಿಕ್ಕದು. ಹಾಗಾಗಿ ಹತ್ತುವುದು ಸುಲಭ, ಒಳಗೆ ಉಳಿಯುವ ನೀರೂ ಕಡಿಮೆ. ದೋಣಿ ಓಡಿದರೆ ನೀರು ಹೊರಹೋಗುವ ತೂತು, ಅಂದರೆ ಬೇಲರ್‌ನಿಂದ ಅದೂ ಇಳಿದುಹೋಗುತ್ತದೆ. ಕೆಲವು ದೋಣಿಗಳು ಪಕ್ಕಕ್ಕೆ ಬಿದ್ದಾಗ ನೀರಿನಿಂದ ತುಂಬಾ ಮೇಲೆ ತೇಲುತ್ತವೆ. ಆಗ ಡ್ಯಾಗರ್‌ಬೋರ್ಡ್ ಕೈಗೆ ಎಟುಕುವುದೇ ಕಷ್ಟ. ಹಳೆಯ ಕಾಲದ ಎತ್ತರ ಅಂಚಿನ ದೋಣಿಗಳಿಗೆ ನೀರಿನಿಂದ ಹತ್ತಬೇಕಾದರೆ ತೋಳಿನಲ್ಲಿ ಶಕ್ತಿ ಬೇಕು. ಹಿಂಬದಿ ತೆರೆದಿರುವ ದೋಣಿಗಳಲ್ಲಿ ಹಿಂದಿನಿಂದ ಹೊಟ್ಟೆ ಎಳೆದುಕೊಂಡು ಹತ್ತಬಹುದು. ಇದು ಯಾವ ಕ್ಯಾಟಲಾಗ್‌ನಲ್ಲೂ ಬರೆದಿರುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಯಾರದ್ದಾದರೂ ದೋಣಿ ಕೇಳಿ ಪಡೆದು, ಜನ ಇರುವಾಗ, ಬೇಕಂತಲೇ ಮಗುಚಿ ನೋಡಿ. ಒಂದು ಸಲ ಅಲ್ಲ, ಸುಸ್ತಾಗುವವರೆಗೆ. ಮೊದಲ ಸಲ ಎಲ್ಲರಿಗೂ ಹತ್ತೋಕೆ ಬರುತ್ತದೆ. ಕೈಕಾಲು ಸೋತ ಮೇಲೂ ಹತ್ತೋಕೆ ಆಗುವ ದೋಣಿ ನಿಮ್ಮದು.

ಬೇರೆ ದೋಣಿಗಳ ಬಗ್ಗೆ ಹೇಳುವುದಾದರೆ, ನಾನು ಎಲ್ಲವನ್ನೂ ನಡೆಸಿದ ಪಂಡಿತರ ಥರ ಮಾತಾಡುವುದಿಲ್ಲ. ಆದರೂ ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದು ಅಂಕಿ ನೋಡಿದರೆ ಸುಮಾರಾಗಿ ತಿಳಿಯುತ್ತದೆ.

ಟಾಪರ್ 3.4 ಮೀಟರ್ ಉದ್ದ, 43 ಕಿಲೋ. ಇಯಾನ್ ಪ್ರಾಕ್ಟರ್ ಅವರ ವಿನ್ಯಾಸ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಅಚ್ಚಿನಲ್ಲಿ ತೆಗೆದ ಎರಡು ಭಾಗಗಳನ್ನು ಬೆಸೆದು ಮಾಡುತ್ತಾರೆ. ಕಲ್ಲಿಗೆ ತಾಗಿದರೂ ಗೀರು ಬೀಳುತ್ತದೆ ಅಷ್ಟೇ, ಬಿರುಕು ಬಿಡುವುದು ಅಪರೂಪ. ಹಗುರವಾದ ವಯಸ್ಕರಿಗೂ ಹದಿಹರೆಯದವರಿಗೂ ಚೆಂದ. ಎತ್ತರದ ಆಳು ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ. ಆಪ್ಟಿಮಿಸ್ಟ್ ಕೇಳಲೇಬೇಡಿ, 1947ರಲ್ಲಿ ಕ್ಲಾರ್ಕ್ ಮಿಲ್ಸ್ ಅದನ್ನು ಮಾಡಿದ್ದೇ ಮಕ್ಕಳಿಗೆ.

ಸನ್‌ಫಿಶ್ ಹಳೆಯ ಕಾಲದ ಸರಳ ದೋಣಿ, 1950ರ ದಶಕದ ಆರಂಭದ್ದು. ಎರಡು ಕೋಲುಗಳ ನಡುವೆ ಕಟ್ಟಿದ ತ್ರಿಕೋನ ಹಾಯಿ. ಅದರಲ್ಲಿ ನನಗೆ ಮೆಚ್ಚುಗೆಯಾದ ಗುಣ ಒಂದಿದೆ. ಹಗ್ಗ ಬಿಚ್ಚಿದರೆ ಹಾಯಿ ಕೆಳಗಿಳಿಯುತ್ತದೆ. ಲೇಸರ್‌ನಲ್ಲಿ ಹಾಯಿ ಒಂದು ಕಾಲುಚೀಲದ ಥರ ಕಂಬಕ್ಕೆ ತೊಡಿಸಿರುತ್ತದೆ. ನೀರಿನ ನಡುವೆ ಗಾಳಿ ಹೆಚ್ಚಾಯಿತು ಅಂತ ಅದನ್ನು ಇಳಿಸೋಕೆ ಆಗುವುದಿಲ್ಲ. ದಡದಲ್ಲಿ ಕಂಬದ ಸುತ್ತ ಒಂದೆರಡು ಸುತ್ತು ಸುತ್ತಿ ಚಿಕ್ಕದು ಮಾಡಬಹುದು, ಆಗ ಹಾಯಿಯ ಆಕಾರ ಕೆಡುತ್ತದೆ. ಒಬ್ಬರೇ ದೂರ ಸುತ್ತಾಡುವ ಮನಸ್ಸಿರುವವರು ಹಾಯಿ ಇಳಿಸಲು ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಬೇಕು.

ಆರ್‌ಎಸ್ ಏರೋ 2014ರದ್ದು. 4 ಮೀಟರ್ ಉದ್ದದ ಒಡಲಿಗೆ 30 ಕಿಲೋ ತೂಕ ಅಂದರೆ ನಂಬೋಕೆ ಕಷ್ಟ. ಲೇಸರ್ ಒಡಲು 59 ಕಿಲೋ ಹತ್ತಿರ, ಅದರ ಅರ್ಧ ಇದು. ಹಾಯಿಯಲ್ಲೂ 5, 6, 7, 9 ಅಂತ ನಾಲ್ಕು ಅಳತೆ ಇವೆ. ತೂಕಕ್ಕೆ ತಕ್ಕ ಹಾಯಿ ಸಿಗುವುದು ಇದರಲ್ಲೇ ಜಾಸ್ತಿ. ದುಡ್ಡಿನ ಯೋಚನೆ ಇಲ್ಲದಿದ್ದರೆ ಹೊಸಬರಿಗೆ ಇದನ್ನು ಹೇಳೋಕೆ ನನಗೆ ಅಳುಕಿಲ್ಲ. ಆದರೆ ಹಗುರ ದೋಣಿ ಚಂಚಲ. ತಪ್ಪು ಜಾಗದಲ್ಲಿ ಕಾಲಿಟ್ಟರೆ ತಕ್ಷಣ ಹೇಳಿಬಿಡುತ್ತದೆ. ಇದನ್ನು ಮಾಡಿದ ಜೋ ರಿಚರ್ಡ್ಸ್ ಅವರೇ ಹಿಂದೆ ಲೇಸರ್ ಪಿಕೋ ಅನ್ನುವ ದಪ್ಪ ಪ್ಲಾಸ್ಟಿಕ್ ದೋಣಿಯನ್ನೂ ವಿನ್ಯಾಸ ಮಾಡಿದ್ದರು. ಒಬ್ಬರೇ ಮಾಡಿದ್ದು ಅಂದರೆ ನಂಬಲಾಗದಷ್ಟು ಬೇರೆ. ಪಿಕೋ ನಿಧಾನ, ಅಗಲ, ಒರಟು ಬಳಕೆಗೆ ಹೇಳಿ ಮಾಡಿಸಿದ್ದು. ಜೊತೆಗೆ ಮಗುವೊಂದನ್ನು ಕೂರಿಸಿಕೊಳ್ಳಲೂ ಬಹುದು.

ವಯಸ್ಸಾದವರು, ಮಂಡಿ ನೋವಿನವರು ಸೋಲೋ ಅನ್ನುವ ದೋಣಿ ನೋಡಬೇಕು. 1956ರಲ್ಲಿ ಜ್ಯಾಕ್ ಹೋಲ್ಟ್ ಮಾಡಿದ್ದು, 3.78 ಮೀಟರ್. ಕಾಕ್‌ಪಿಟ್ ವಿಶಾಲ, ಬೂಮ್ ಕೆಳಗೆ ಜಾಗ ಇದೆ, ಹಾಯಿ ಹಗ್ಗದಿಂದ ಏರಿಸಿ ಇಳಿಸುವಂಥದ್ದು. ಒಡಲು 70 ಕಿಲೋ, ನೆಲದ ಮೇಲೆ ಎಳೆದಾಡೋಕೆ ಭಾರ. ಸೊಂಟ, ಕಾಲು ಇನ್ನೂ ಸಹಕರಿಸದಿದ್ದರೆ ಹನ್ಸಾ 303 ಇದೆ. ಮುಂದಕ್ಕೆ ಮುಖ ಮಾಡಿ, ದೋಣಿಯ ತಳದಲ್ಲಿ ಕುರ್ಚಿಯಲ್ಲಿ ಕೂತಂತೆ ಕೂರುವುದು. ಕೆಳಗಿನ ಹಲಗೆಗೆ ಭಾರ ಇಟ್ಟಿರುವುದರಿಂದ ಮಗುಚುವುದು ತುಂಬಾ ಕಷ್ಟ. ಅಂಗವಿಕಲರ ಸೇಲಿಂಗ್‌ನಲ್ಲಿ ಇದು ಬಹಳ ಬಳಕೆಯಲ್ಲಿದೆ. ಇದನ್ನು ನೋಡಿ ಮೂಗು ಮುರಿಯುವವರನ್ನು ಕಂಡಿದ್ದೇನೆ. ನೀರಿನ ಮೇಲೆ ಗಾಳಿಯಿಂದ ಹೋಗುತ್ತಿದ್ದೀರಾ? ಹಾಗಿದ್ದರೆ ಅದು ಸೇಲಿಂಗೇ.

90 ಕಿಲೋ ದಾಟಿದವರಿಗೆ ಯಾರಾದರೂ ಫಿನ್ ಹೆಸರು ಹೇಳುತ್ತಾರೆ. 1952 ರಿಂದ 2020ರ ಟೋಕಿಯೋ ಒಲಿಂಪಿಕ್ಸ್‌ವರೆಗೆ ಇದ್ದ ದೊಡ್ಡ ದೋಣಿ, 10 ಚದರ ಮೀಟರ್ ಹಾಯಿ. ಚೆಂದವೇ, ಆದರೆ ಕಲಿಯೋಕೆ ಅಲ್ಲ. ದಪ್ಪ ಇದ್ದವರು ಲೇಸರ್ 7ರಲ್ಲೇ ಶುರು ಮಾಡಬಹುದು, ಗಾಳಿ ಕಡಿಮೆ ಇದ್ದ ದಿನ ಸ್ವಲ್ಪ ನಿಧಾನ ಆಗುತ್ತದೆ ಅಷ್ಟೇ. ನೀರಿನ ಮೇಲೆ ಹಾರುವ ಮಾತ್ ದೋಣಿಗಳ ವಿಡಿಯೋ ನೋಡಿ. ನೋಡಿ ಮುಚ್ಚಿಡಿ.

ಒಬ್ಬರ ದೋಣಿಯಲ್ಲಿ ಒಂದೇ ಹಾಯಿ ಇದ್ದರೆ ಒಳ್ಳೆಯದು. ಒಂದು ಕೈಯಲ್ಲಿ ಟಿಲ್ಲರ್, ಇನ್ನೊಂದರಲ್ಲಿ ಮೇನ್‌ಶೀಟ್. ಮೂರನೇ ಕೈ ಇಲ್ಲ. ಹಾಯಿಯ ಆಕಾರ ಸರಿಮಾಡುವ ಕಿಕ್ಕರ್, ಕನ್ನಿಂಗ್‌ಹ್ಯಾಮ್, ಔಟ್‌ಹಾಲ್ ಹಗ್ಗಗಳನ್ನು ಮೊದಮೊದಲು ದಡದಲ್ಲೇ ಒಂದು ಅಂದಾಜಿಗೆ ಕಟ್ಟಿಕೊಂಡು ಹೋದರೂ ನಡೆಯುತ್ತದೆ. ಹಗ್ಗ ಜಾಸ್ತಿ ಇದ್ದಷ್ಟೂ ದೋಣಿ ಒಳ್ಳೆಯದು ಅಂತ ಮಾರುವವರು ಹೇಳಬಹುದು. ಮಾರಲಿ ಪಾಪ.

ಒಂದೇ ಹಾಯಿಯ ತೊಂದರೆಯೂ ಗೊತ್ತಿರಲಿ. ಟ್ಯಾಕ್ ಮಾಡುವಾಗ, ಅಂದರೆ ಮೂತಿಯನ್ನು ಗಾಳಿಯ ಎದುರಿನಿಂದ ಹಾಯಿಸಿ ಇನ್ನೊಂದು ಬದಿಗೆ ತಿರುಗಿಸುವಾಗ, ವೇಗ ಸಾಲದಿದ್ದರೆ ಮೂತಿ ಗಾಳಿಗೆ ನೇರವಾಗಿ ನಿಂತುಬಿಡುತ್ತದೆ. ಹಾಯಿ ಪಟಪಟ ಹೊಡೆದುಕೊಳ್ಳುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಮುಂದಿನ ಹಾಯಿ ಇದ್ದರೆ ಅದನ್ನು ಎಳೆದು ಮೂತಿ ತಿರುಗಿಸಬಹುದಿತ್ತು. ಇಲ್ಲಿ ಬೂಮನ್ನು ಕೈಯಿಂದ ಹೊರಕ್ಕೆ ತಳ್ಳಿ, ಟಿಲ್ಲರ್ ಅನ್ನೂ ಅದೇ ಕಡೆ ತಳ್ಳಬೇಕು. ದೋಣಿ ಹಿಂದಕ್ಕೆ ಚಲಿಸಿ ಮೂತಿ ತಿರುಗುತ್ತದೆ. ಆಮೇಲೆ ಹಗ್ಗ ಎಳೆದುಕೊಂಡು ಹೊರಡಿ.

ದಡದ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಒಬ್ಬರೇ ಅಂದರೆ ನೆಲದ ಮೇಲೂ ಒಬ್ಬರೇ. 59 ಕಿಲೋ ಒಡಲಿಗೆ ಕಂಬ, ಹಾಯಿ, ಚುಕ್ಕಾಣಿ ಎಲ್ಲ ಸೇರಿದರೆ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯೋಕೆ ಒಳ್ಳೆಯ ಟ್ರಾಲಿ ಬೇಕೇ ಬೇಕು. ಟ್ರಾಲಿ ಇಲ್ಲದ ಅಗ್ಗದ ದೋಣಿ ಅಗ್ಗವಲ್ಲ. ಹಾಯಿ ತೊಡಿಸಿದ ಕಂಬವನ್ನು ನೆಟ್ಟಗೆ ಹೊತ್ತು, ಗಾಳಿಯಲ್ಲಿ ತೂರಾಡುತ್ತಾ, ದೋಣಿಯ ಮೇಲ್ಮೈಯಲ್ಲಿ, ಅಂದರೆ ಡೆಕ್‌ನಲ್ಲಿ, ಕಂಬ ನಿಲ್ಲಿಸೋಕೆ ಇರುವ ಸಣ್ಣ ಗುಂಡಿಗೆ ಇಳಿಸುವುದು ಗಿಡ್ಡ ಇದ್ದವರಿಗೆ ಇಡೀ ದಿನದ ಅತಿ ಕಷ್ಟದ ಕೆಲಸ. ನಾನಂತೂ ಇದಕ್ಕೆ ಅಕ್ಕಪಕ್ಕದವರನ್ನು ಕರೆಯಲು ನಾಚುವುದಿಲ್ಲ.

ಆ ಗುಂಡಿಯ ವಿಷಯ ಬಂತಲ್ಲ, ಹಳೆಯ ಲೇಸರ್ ಕೊಳ್ಳುವವರು ಮೊದಲು ನೋಡಬೇಕಾದ್ದು ಅದನ್ನೇ. ಹೊಳಪು, ಬಣ್ಣ, ಸ್ಟಿಕ್ಕರ್ ಆಮೇಲೆ ನೋಡಿ. ಒಂದು ಬಾಟಲಿ ನೀರು ತೆಗೆದುಕೊಂಡು ಕಂಬ ನಿಲ್ಲಿಸುವ ಗುಂಡಿಗೆ ಸುರಿಯಿರಿ. ಮಟ್ಟ ಎಲ್ಲಿದೆ ಅಂತ ಗುರುತು ಮಾಡಿಕೊಂಡು ಬೇರೆ ಭಾಗ ನೋಡಿ ಬನ್ನಿ. ನೀರು ಇಳಿದಿದ್ದರೆ ಅದು ಒಡಲಿನೊಳಕ್ಕೆ ಹೋಗಿದೆ. ಇಡೀ ಹಾಯಿಯ ಬಲ ಬೀಳುವುದು ಆ ಗುಂಡಿಯ ಮೇಲೆ. ಅಲ್ಲಿ ಬಿರುಕಿದ್ದರೆ ಒಂದು ಗಾಳಿಯ ದಿನ ಡೆಕ್ ಹರಿದು ಕಂಬ ಬೀಳುತ್ತದೆ. ಆಮೇಲೆ ಅಂಗೈಯಿಂದ ಡೆಕ್ ಒತ್ತಿ ನೋಡಿ. ಕಾಕ್‌ಪಿಟ್ ಅಕ್ಕಪಕ್ಕ ಜನ ಕೂತು ಕೂತು ಮೆತ್ತಗಾಗಿರುತ್ತದೆ. ಸ್ವಲ್ಪ ಬಾಗಿದರೆ ಕಲಿಯುವವರಿಗೆ ಪರವಾಗಿಲ್ಲ. ಕರಕರ ಸದ್ದು ಬಂದರೆ ಬೇಡ. ಹಿಂಬದಿಯ ಬಿರಡೆ ತೆಗೆದು, ಮೂತಿ ಎತ್ತಿ, ಎಷ್ಟು ನೀರು ಬರುತ್ತದೆ ನೋಡಿ. ಒಂದು ಲೋಟ ಬಂದರೆ ಮಾತಾಡಬಹುದು, ಬಕೆಟ್ ಬಂದರೆ ಧನ್ಯವಾದ ಹೇಳಿ ಹೊರಡಿ.

ಕಂಬದ ಎರಡು ತುಂಡುಗಳನ್ನು ಬಂದೂಕಿನ ಗುರಿ ನೋಡಿದ ಹಾಗೆ ಒಂದು ತುದಿಯಿಂದ ಕಣ್ಣಿಟ್ಟು ನೋಡಬೇಕು. ಮೇಲಿನ ಕೊಳವೆ ಕೆಳಗಿನದಕ್ಕೆ ಸೇರುವ ಕಡೆ, ಕಾಲರ್‌ನ ರಿವೆಟ್ ಹತ್ತಿರ ಬಾಗಿರುವುದು ಮಾಮೂಲು. ಚುಕ್ಕಾಣಿ ಸಿಕ್ಕಿಸುವ ಕೊಂಡಿಗಳು ಅಲುಗಾಡಬಾರದು. ಹಾಯಿ ಹಳೆಯದು, ಸುಕ್ಕಾಗಿದೆ ಅಂದರೆ ಚಿಂತೆ ಬೇಡ. ಹೊಸ ಹಾಯಿಯ ಲಾಭ ತಿಳಿಯುವಷ್ಟು ಕೈ ಪಳಗೋಕೆ ಸಮಯ ಬೇಕು. ಪ್ಲಾಸ್ಟಿಕ್ ದೋಣಿಯಾದರೆ ತಳವನ್ನು ಒಮ್ಮೆ ಉದ್ದಕ್ಕೂ ಕೈಯಾಡಿಸಿ. ಸರಿಯಾದ ಆಧಾರವಿಲ್ಲದೆ ಬಿಸಿಲಲ್ಲಿ ಇಟ್ಟಿದ್ದರೆ ಟ್ರಾಲಿಯ ಗುರುತು ಒಳಕ್ಕೆ ಕುಸಿದಿರುತ್ತದೆ. ಅದು ಬಿರುಕು ಬಿಟ್ಟರೆ ಫೈಬರ್‌ಗ್ಲಾಸ್ ಥರ ಮನೆಯಲ್ಲಿ ತೇಪೆ ಹಾಕೋಕೆ ಬರುವುದಿಲ್ಲ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಈಜು ಬರುವವರಿಗೆ, ಹತ್ತಿರದಲ್ಲಿ ಸಹಾಯ ಇರುವ ಕಡೆ, 50 ನ್ಯೂಟನ್‌ನ ತೇಲುಜಾಕೆಟ್ ಸಾಕು. ಅದು ಪ್ರಜ್ಞೆ ತಪ್ಪಿದವರನ್ನು ಮುಖ ಮೇಲೆ ಮಾಡಿ ತಿರುಗಿಸುವುದಿಲ್ಲ, ಆ ಕೆಲಸಕ್ಕೆ 150 ನ್ಯೂಟನ್‌ನ ಲೈಫ್ ಜಾಕೆಟ್ ಬೇಕು. ಬಟ್ಟೆ ಹಾಕುವುದು ನೀರಿನ ತಂಪು ನೋಡಿ, ಬಿಸಿಲು ನೋಡಿ ಅಲ್ಲ. ದಡದಿಂದ ಹೊರಗೆ ಬೀಸುವ ಗಾಳಿ ಇದ್ದಾಗ ಒಬ್ಬರೇ ಹೋಗಬೇಡಿ. ದಡದ ಹತ್ತಿರ ನೀರು ಸಪಾಟಾಗಿ ಮುದ್ದಾಗಿ ಕಾಣುತ್ತದೆ. ದೂರ ಹೋದಷ್ಟೂ ಗಾಳಿ ಜಾಸ್ತಿ, ವಾಪಸ್ ಬರುವುದು ಅದರ ಎದುರಿಗೆ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗೆ ನೊರೆಯೊಡೆಯುತ್ತಿದ್ದರೆ ಗಾಳಿ 10 ನಾಟ್ ಹತ್ತಿರ ಬಂದಿದೆ ಅಂತ ಲೆಕ್ಕ. ನೊರೆ ಎಲ್ಲ ಕಡೆ ಕಂಡರೆ ಹೊಸಬರಿಗೆ ಆ ದಿನ ದಡವೇ ಲೇಸು.

ಇಷ್ಟು ನೋಡಿದ ಮೇಲೂ ಎರಡು ದೋಣಿಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ನೀವು ಹೋಗುವ ನೀರಿನಲ್ಲಿ ಬೇರೆಯವರು ಯಾವುದನ್ನು ನಡೆಸುತ್ತಾರೋ ಅದನ್ನೇ ತೆಗೆದುಕೊಳ್ಳಿ. ಮುರಿದ ಬಿಡಿಭಾಗ ಅವರಲ್ಲಿ ಸಿಗುತ್ತದೆ. ಒಂದೇ ಥರದ ದೋಣಿ ಪಕ್ಕದಲ್ಲಿ ಹೋಗುತ್ತಿದ್ದರೆ ಅದು ಯಾಕೆ ಮುಂದೆ ಹೋಯಿತು ಅಂತ ಯೋಚಿಸಬಹುದು. ಬೇರೆ ಥರದ್ದಾದರೆ ದೋಣಿಯ ಮೇಲೆ ಹಾಕಿ ಸುಮ್ಮನಾಗುತ್ತೇವೆ.

ದೊಡ್ಡ ಹಾಯಿಗೆ ಯಾವಾಗ ಹೋಗಬೇಕು ಅಂತಲೂ ಕೇಳುತ್ತಾರೆ. 12 ನಾಟ್ ಗಾಳಿಯಲ್ಲಿ ಗಾಳಿಯ ಎದುರಿಗೆ ಹೋಗುವಾಗ, ಹಗ್ಗ ಬಿಡದೆ, ದೋಣಿಯನ್ನು ಸಪಾಟಾಗಿ ಹಿಡಿದುಕೊಂಡು, ಇನ್ನೂ ಸ್ವಲ್ಪ ಬಲ ಇದ್ದಿದ್ದರೆ ಅನ್ನಿಸಿದರೆ ಆಗ ಯೋಚಿಸಿ. ಕೆಳಗಿನ ಕಂಬ ಮತ್ತು ಹಾಯಿ ಕೊಂಡರೆ ಮುಗಿಯಿತು, ದೋಣಿ ಬದಲಾಯಿಸಬೇಕಿಲ್ಲ. ನನ್ನ ತೂಕ 70ರ ಆಸುಪಾಸು, ತೊಡೆಗಳು ಇನ್ನೂ ದೂರುತ್ತವೆ. ನಾನು ರೇಡಿಯಲ್‌ನಲ್ಲೇ ಇದ್ದೇನೆ.